ಹೊಲದ ಡಬ್ಬಿಗೆ ಗೊತ್ತಿದ್ದು ಮನೆಯ ಬೋರ್ಡಿಗೆ ಗೊತ್ತಿಲ್ಲ

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಸುತ್ತಿನ ಗೋವಿನಜೋಳದ ಹೊಲಗಳಲ್ಲಿ ಬೋರು ಇದ್ದಕಡೆ ಸಾಮಾನ್ಯವಾಗಿ ಒಂದು ತಗಡಿನ ಡಬ್ಬಿಯೂ ಇರುತ್ತದೆ. ಮುಚ್ಚಳ ತೆಗೆದರೆ ಒಳಗೆ ಸ್ಟಾರ್ಟರು. ಅದರ ಪಕ್ಕ ಅಂಗೈಯಗಲದ ಇನ್ನೊಂದು ಸಾಧನ. ಮೂರೂ ಫೇಸ್ ಬಂದಿವೆಯೇ, ಬಂದ ಅನುಕ್ರಮ ಸರಿಯಿದೆಯೇ, ವೋಲ್ಟೇಜು ಒಂದಕ್ಕೊಂದು ಹೊಂದಿದೆಯೇ ಎಂದು ನೋಡಿಕೊಂಡು, ತುಸು ಹೊತ್ತು ಕಾದು, ಆಮೇಲೆ ಮೋಟರಿಗೆ ಕರೆಂಟು ಬಿಡುವುದು ಅದರ ಕೆಲಸ. ಒಂದು ಫೇಸ್ ಹೋದರೆ ಮೋಟರನ್ನು ನಿಲ್ಲಿಸುತ್ತದೆ. ಬೋರಿನಲ್ಲಿ ನೀರು ಬತ್ತಿದರೂ ನಿಲ್ಲಿಸುವ ಮಾದರಿಗಳಿವೆ. ಅದೇ ರೈತನ ಮನೆಯೊಳಗೆ ಟಿವಿ, ಫ್ರಿಜ್ಜು, ನೀರಿನ ಫಿಲ್ಟರು, ಚಾರ್ಜರುಗಳ ಸಾಲು. ಅವುಗಳ ಕಾವಲಿಗೆ ಇರುವುದು ಕೆಂಪು ದೀಪ ಉರಿಯುವ ಒಂದು ಸ್ಪೈಕ್ ಗಾರ್ಡ್ ಪಟ್ಟಿ.

ಹೊಲದಲ್ಲಿ ಇಷ್ಟು ಜಾಣನಾದವನು ಮನೆಯಲ್ಲಿ ಯಾಕೆ ಇಷ್ಟು ನಂಬಿ ಕೂತ? ಉತ್ತರಕ್ಕೆ ಒಂದು ದೂರದ ಉದಾಹರಣೆ ನೆರವಾಗುತ್ತದೆ.

ಅಮೆರಿಕದಲ್ಲಿ ಮೋಟರ್‌ಹೋಮ್ ಎಂಬ ಚಕ್ರದ ಮನೆಯಲ್ಲಿ ಊರೂರು ಸುತ್ತುವವರಿದ್ದಾರೆ. ಈ ರಾತ್ರಿ ಒಂದು ತಂಗುದಾಣ, ನಾಳೆ ಇನ್ನೊಂದು. ಪ್ರತಿ ಕಡೆಯೂ ಒಂದು ಗಿಡ್ಡ ಕಂಬಕ್ಕೆ ಗಾಡಿಯ ದಪ್ಪ ಕೇಬಲ್ ಸಿಕ್ಕಿಸಬೇಕು. ಆ ಕಂಬದ ವೈರಿಂಗ್ ಮಾಡಿದವರು ಯಾರು, ಯಾವ ಕಾಲದಲ್ಲಿ ಮಾಡಿದರು, ನಿನ್ನೆಯ ಮಳೆಗೆ ಅದಕ್ಕೇನಾಯಿತು, ಗಾಡಿಯವರಿಗೆ ತಿಳಿಯುವುದಿಲ್ಲ. ಹಾಗಾಗಿ ಗಾಡಿಯೊಳಗೇ, ಹೊರಗಿನ ಕೇಬಲ್ ಒಳಬರುವ ಜಾಗಕ್ಕೂ ಮೇನ್ ಬೋರ್ಡಿಗೂ ನಡುವೆ, ಒಂದು ಪೆಟ್ಟಿಗೆಯನ್ನು ವೈರಿಗೆ ನೇರವಾಗಿ ಜೋಡಿಸಿ ಕೂರಿಸುತ್ತಾರೆ. ಪ್ರೋಗ್ರೆಸಿವ್ ಇಂಡಸ್ಟ್ರೀಸ್, ಹ್ಯೂಸ್, ಸೌತ್‌ವೈರ್ ಕಂಪನಿಗಳವು ಈ ಪೇಟೆಯಲ್ಲಿ ಪರಿಚಿತ ಹೆಸರುಗಳು. ಬೆಲೆ ಮುನ್ನೂರು-ನಾನ್ನೂರು ಡಾಲರಿನ ಆಸುಪಾಸು.

ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಈ ಪೆಟ್ಟಿಗೆ ಮೆಚ್ಚಬೇಕಾದದ್ದು. ಪ್ರೋಗ್ರೆಸಿವ್‌ನವರ ಮಾದರಿಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ಮನೆಬಳಕೆಯ ವೋಲ್ಟೇಜು 120. ಅದು 104ಕ್ಕಿಂತ ಕೆಳಗಿಳಿದರೆ ಕರೆಂಟು ಕಡಿಯುತ್ತದೆ, 132 ದಾಟಿದರೂ ಕಡಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ಥಿಂಗ್ ಇಲ್ಲದಿದ್ದರೆ ಒಳಗೆ ಬಿಡುವುದೇ ಇಲ್ಲ. ಎಲ್ಲ ಸರಿಯಿದೆ ಎಂದಮೇಲೂ ಅವಸರ ಮಾಡುವುದಿಲ್ಲ. ಆಯ್ಕೆಗೆ ತಕ್ಕಂತೆ ಕೆಲವು ಸೆಕೆಂಡಿನಿಂದ ಎರಡು ನಿಮಿಷಕ್ಕೂ ಹೆಚ್ಚು ಕಾದು ಕರೆಂಟು ಕೊಡುತ್ತದೆ. ಏಸಿ ಅಥವಾ ಫ್ರಿಜ್ಜಿನ ಕಂಪ್ರೆಸರು ನಿಂತ ಕೂಡಲೇ ಮತ್ತೆ ಚಾಲೂ ಆದರೆ ಒಳಗಿನ ಒತ್ತಡ ಇಳಿದಿರುವುದಿಲ್ಲ, ಎಳೆಯಲಾರದೆ ಬಿಸಿಯಾಗುತ್ತದೆ. ಅದಕ್ಕಾಗಿ ಈ ಕಾಯುವಿಕೆ. ಕಂಬಕ್ಕೆ ಹೊರಗಿನಿಂದ ಸಿಕ್ಕಿಸುವ ಮಾದರಿಗಳೂ ಸಿಗುತ್ತವೆ. ಅವು ಮಳೆಗೆ ನೆನೆಯುತ್ತವೆ, ಕಳುವಾಗುತ್ತವೆ, ಮುಖ್ಯವಾಗಿ ಸಿಕ್ಕಿಸಲು ಮರೆತುಹೋಗುತ್ತದೆ. ವೈರಿಗೇ ಬೆಸೆದದ್ದಕ್ಕೆ ಮರೆವು ತಟ್ಟುವುದಿಲ್ಲ. ಜನರೇಟರ್ ಬದಲಾವಣೆಯ ಸ್ವಿಚ್ಚಿನ ನಂತರ ಅದನ್ನು ಕೂರಿಸಿದರೆ ಜನರೇಟರಿನ ಕರೆಂಟನ್ನೂ ಅದು ತಪಾಸಿಸುತ್ತದೆ. ಇದೊಂದು ಸಣ್ಣ ವಿಷಯ, ಆದರೆ ಕೊಳ್ಳುವವರು ಹೆಚ್ಚಾಗಿ ಕೇಳದೇ ಬಿಡುವ ವಿಷಯ.

ಇಷ್ಟೆಲ್ಲ ಗುಣಗಳಿದ್ದೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಬೇರೆಯೇ: ಜೂಲ್. 30 ಆಂಪಿಯರ್‌ನದಕ್ಕೆ 1,790 ಜೂಲ್, 50 ಆಂಪಿಯರ್‌ನದಕ್ಕೆ 3,580 ಜೂಲ್. ಸಂಖ್ಯೆ ದೊಡ್ಡದಿದ್ದಷ್ಟೂ ರಕ್ಷಣೆ ಹೆಚ್ಚು ಎಂದು ಗಿರಾಕಿ ಅಂದುಕೊಳ್ಳುತ್ತಾನೆ. ಲೆಕ್ಕ ಹಾಕಿದರೆ 3,580 ಜೂಲ್ ಅಂದರೆ ಸ್ನಾನದ ನೀರು ಕಾಯಿಸುವ 1000 ವ್ಯಾಟ್‌ನ ಕಾಯಿಲ್ ನಾಲ್ಕು ಸೆಕೆಂಡಿನೊಳಗೆ ತಿಂದುಮುಗಿಸುವ ಶಕ್ತಿ. ಅಷ್ಟೇ.

ಈ ಜೂಲ್ ನುಂಗುವ ಬಿಲ್ಲೆಯ ಹೆಸರು ವೇರಿಸ್ಟರ್. ಸತುವಿನ ಆಕ್ಸೈಡನ್ನು ಸುಟ್ಟು ಮಾಡಿದ, ನಾಣ್ಯದಂತೆ ದುಂಡಗಿರುವ ವಸ್ತು. ವೋಲ್ಟೇಜು ಮಿತಿಯೊಳಗಿದ್ದರೆ ಸುಮ್ಮನಿರುತ್ತದೆ. ಮಿತಿ ಮೀರಿದೊಡನೆ ತಾನೇ ದಾರಿಯಾಗಿ ಹೆಚ್ಚುವರಿ ಕರೆಂಟನ್ನು ಹರಿಸಿಬಿಡುತ್ತದೆ. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದಾಗ ತಂತಿಯಲ್ಲಿ ಏಳುವ ಅಲೆಗೆ ಇದು ತಕ್ಕ ಮದ್ದು, ಯಾಕೆಂದರೆ ಆ ಅಲೆಯ ಆಯುಸ್ಸು ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಮನೆಯ ಬೋರ್ಡಿಗೆ ಹಾಕುವ ಟೈಪ್-2 ಸಾಧನಗಳನ್ನು ಪರೀಕ್ಷಿಸುವ ಅಲೆಯೇ 8 ಮೈಕ್ರೊಸೆಕೆಂಡಿನಲ್ಲಿ ಏರಿ 20ರ ಹೊತ್ತಿಗೆ ಅರ್ಧಕ್ಕಿಳಿಯುವಂಥದ್ದು. ಆದರೆ ಮೇಲೇರಿದ ವೋಲ್ಟೇಜು ಅಲ್ಲೇ ನಿಂತುಬಿಟ್ಟರೆ? ಬಿಲ್ಲೆ ಕಾಯುತ್ತದೆ, ಕರಗುತ್ತದೆ, ಸುಟ್ಟ ವಾಸನೆ ಬಿಡುತ್ತದೆ. ಅದು ಸತ್ತಮೇಲೆ ಟಿವಿಯ ಸರದಿ.

ಹಂಸಭಾವಿಯ ಮನೆಗಳಿಗೆ ಹೆಚ್ಚು ಕಾಡುವುದು ಈ ಎರಡನೆಯ ಬಗೆಯ ಪೆಟ್ಟು. ಭರಣಿ ಮಳೆಯ ಗುಡುಗಿನ ದಿನಗಳು ಅಪಾಯದವೇ, ಸಂದೇಹವಿಲ್ಲ. ಆದರೆ ಗಾಳಿಗೆ ಕೊಂಬೆ ಬಿದ್ದು, ಕಂಬದ ಮೇಲಿನ ಹಳೇ ಜಾಯಿಂಟು ಸಡಿಲಾಗಿ, ಟೀಸಿಯ (ಟ್ರಾನ್ಸ್‌ಫಾರ್ಮರಿನ) ಬಳಿ ನ್ಯೂಟ್ರಲ್ ತಂತಿ ಕಡಿದರೆ ಆಗುವ ಅನಾಹುತಕ್ಕೆ ಸಿಡಿಲು ಬೇಕಿಲ್ಲ. ನಮ್ಮಲ್ಲಿ ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ಒಂದು ಓಣಿಯಲ್ಲಿ ಒಬ್ಬರ ಮನೆ ಒಂದು ಫೇಸ್‌ನಲ್ಲಿ, ಎದುರಿನವರದು ಇನ್ನೊಂದರಲ್ಲಿ ಎಂದಿಟ್ಟುಕೊಳ್ಳಿ. ನ್ಯೂಟ್ರಲ್ ಹೋಯಿತು. ಈಗ ಎರಡೂ ಮನೆಗಳು 400 ವೋಲ್ಟಿಗೆ ಸರಪಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಮನೆಯಲ್ಲಿ 1000 ವ್ಯಾಟ್‌ನ ಕಾಯಿಲ್ ಹಚ್ಚಿದ್ದಾರೆ, ಅದರ ರೋಧ ಸುಮಾರು 53 ಓಮ್. ಎದುರು ಮನೆಯಲ್ಲಿ 100 ವ್ಯಾಟ್‌ನ ಹಳೇ ಬಲ್ಬೊಂದೇ, ಸುಮಾರು 529 ಓಮ್. 400 ವೋಲ್ಟು ಇದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ: ಕಾಯಿಲ್ ಇದ್ದ ಮನೆಗೆ 36 ವೋಲ್ಟ್, ಬಲ್ಬಿನ ಮನೆಗೆ 364. ಕಡಿಮೆ ಕರೆಂಟು ಬಳಸುವ ಮನೆಗೇ ಹೆಚ್ಚು ಏಟು. ದೀಪಗಳು ಒಮ್ಮೆಲೇ ಝಗ್ಗನೆ ಹೊಳೆದು ಫ್ಯಾನು ಗಿರ್ರೆಂದು ಓಡಿದರೆ ಮೊದಲು ಅನುಮಾನಿಸಬೇಕಾದ್ದು ನ್ಯೂಟ್ರಲ್ಲನ್ನೇ.

ಅಮೆರಿಕದ 50 ಆಂಪಿಯರ್ ಕಂಬದಲ್ಲೂ ಇದೇ ಕಥೆ. ಅಲ್ಲಿ 120 ವೋಲ್ಟಿನ ಎರಡು ಕಾಲುಗಳು, ನಡುವೆ 240. ನ್ಯೂಟ್ರಲ್ ಕಡಿದರೆ ಗಾಡಿಯ ಅರ್ಧ ಸಾಮಾನಿಗೆ ಮಿತಿಮೀರಿದ ವೋಲ್ಟೇಜು. ಆ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಈ ಗಳಿಗೆಯಲ್ಲಿ ಕಡಿದು ಹಾಕುವ ರಿಲೇಯಲ್ಲಿ. ಜೂಲ್ ಲೆಕ್ಕ ಮಾರಾಟಗಾರರ ಲೆಕ್ಕ.

ಹೊಲದ ಡಬ್ಬಿ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ, ಮತ್ತು ದುಬಾರಿ ಶುಲ್ಕ ಕೊಟ್ಟು ಕಲಿತಿದೆ. ಯಾವುದಾದರೂ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟರನ್ನು ಬಿಚ್ಚುವಾಗ ನಿಂತು ನೋಡಬೇಕು. ಸುರುಳಿಗಳ ವೃತ್ತ ಎದುರಿಗೆ ಬಂದಾಗ ಮೇಸ್ತ್ರಿ ಕಾರಣ ಕೇಳುವುದಿಲ್ಲ, ಬಣ್ಣ ನೋಡುತ್ತಾನೆ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಮೂರರಲ್ಲಿ ಎರಡು ಪಾಲು ಸುರುಳಿ ಇದ್ದಿಲಾಗಿ, ಒಂದು ಪಾಲು ಹೊಸ ತಾಮ್ರದಂತೆ ಹೊಳೆಯುತ್ತಿದ್ದರೆ ಒಂದು ಫೇಸ್ ಹೋದಾಗಲೂ ಓಡಿದೆ ಎಂದರ್ಥ. ಡೆಲ್ಟಾ ಜೋಡಣೆಯಾದರೆ ತಿರುಗುಮುರುಗು: ಒಂದು ಪಾಲು ಕಪ್ಪು, ಎರಡು ಪಾಲು ಸ್ವಚ್ಛ. ಎಲ್ಲವೂ ಸಮನಾಗಿ ಕಪ್ಪಾಗಿದ್ದರೆ ಡೀಮ್ ಕರೆಂಟಿನಲ್ಲಿ ಎಳೆದಿದೆ, ಇಲ್ಲವೇ ಪಂಪು ಕಚ್ಚಿಕೊಂಡಿದೆ. ರೋಗನಿದಾನದ ಇಷ್ಟು ಖಚಿತ ವಿಧಾನ ಮನೆಯ ಟಿವಿ ರಿಪೇರಿಯಲ್ಲಿಲ್ಲ. ಅಲ್ಲಿ ‘ಬೋರ್ಡು ಹೋಗೇತಿ’ ಎಂಬ ಒಂದೇ ಮಾತಿಗೆ ಎಲ್ಲ ಮುಗಿಯುತ್ತದೆ. ಕಾರಣ ಕಂಡವನು ಕಾವಲು ಕೊಂಡ, ಕಾರಣ ಕಾಣದವನು ಪಟ್ಟಿ ಕೊಂಡ.

ಹಾಗೆಂದು ಹೊಲದ ಪದ್ಧತಿಯನ್ನು ಪೂರಾ ಹೊಗಳುವಂತೆಯೂ ಇಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ತ್ರೀಫೇಸ್ ಮಾತ್ರ ದಿನದ ಕೆಲವು ತಾಸು, ಪಾಳಿಯಲ್ಲಿ, ಹಲವು ಸಲ ರಾತ್ರಿ. ನಿದ್ದೆಗೆಟ್ಟು ಹೊಲಕ್ಕೆ ಹೋಗುವ ಬದಲು ರೈತ ಆಟೋ ಸ್ಟಾರ್ಟರ್ ಹಾಕಿದ. ಕರೆಂಟು ಬಂದ ಕ್ಷಣ ಒಂದು ಟೀಸಿಯ ಎಲ್ಲ ಮೋಟರುಗಳು ಒಟ್ಟಿಗೆ ಏಳುತ್ತವೆ. ಶುರುವಿನಲ್ಲಿ ಮೋಟರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ವೋಲ್ಟೇಜು ಕುಸಿಯುತ್ತದೆ, ಫ್ಯೂಸು ಹಾರುತ್ತದೆ, ಟೀಸಿ ಬಿಸಿಯೇರುತ್ತದೆ. ಕಾಯುವ ಅವಧಿಯನ್ನು ಒಂದೊಂದು ಡಬ್ಬಿಯಲ್ಲಿ ಒಂದೊಂದಕ್ಕೆ ಇಟ್ಟಿದ್ದರೆ ಈ ಗುದ್ದಾಟ ಅರ್ಧಕ್ಕಿಳಿಯುತ್ತಿತ್ತು. ಅವಧಿ ಬದಲಿಸುವ ಬಿರಡೆ ಡಬ್ಬಿಯಲ್ಲೇ ಇದ್ದರೂ ಅಕ್ಕಪಕ್ಕದವರು ಕೂತು ಮಾತಾಡಿಕೊಂಡು ತಿರುಗಿಸಿಕೊಳ್ಳುವುದು ಅಪರೂಪ.

ಇನ್ನೊಂದು ದೋಷ ಬೈಪಾಸ್. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವವರಿಗೆ ಕಾವಲು ಸಾಧನವೇ ಅಡ್ಡಿ. ಅದರ ವೈರನ್ನು ಬಿಚ್ಚಿ ನೇರ ಜೋಡಿಸಿ ಬಿಡುತ್ತಾರೆ. ಬೆಳೆ ಒಣಗುತ್ತಿರುವಾಗ ಹೀಗೆ ಮಾಡುವವನನ್ನು ಬೈಯುವುದು ಸುಲಭ. ಮೋಟರ್‌ಹೋಮಿನ ಕೆಲವು ಪೆಟ್ಟಿಗೆಗಳಲ್ಲಿ ತಯಾರಕರೇ ಬೈಪಾಸ್ ಸ್ವಿಚ್ಚು ಕೊಡುತ್ತಾರೆ, ಕಾರಣವೂ ಇಂಥದ್ದೇ: ಸಾಧನ ಕೆಟ್ಟರೆ ರಾತ್ರಿಯಿಡೀ ಕತ್ತಲಲ್ಲಿ ಕೂರಬಾರದಲ್ಲ. ವ್ಯತ್ಯಾಸವೆಂದರೆ ಅಲ್ಲಿ ಸ್ವಿಚ್ಚು ಯಾವ ಸ್ಥಿತಿಯಲ್ಲಿದೆ ಎಂದು ಕಾಣುತ್ತದೆ. ಹೊಲದ ಡಬ್ಬಿಯೊಳಗೆ ಬಿಚ್ಚಿದ ವೈರು ಮುಂದಿನ ಬೇಸಿಗೆಯವರೆಗೂ ಬಿಚ್ಚಿಕೊಂಡೇ ಇರುತ್ತದೆ.

ಮನೆಯ ಕಡೆ ಬಂದರೆ ನಮ್ಮ ಪೇಟೆಯ ಮೊದಲ ಉತ್ತರ ಸ್ಟೆಬಿಲೈಸರ್ ಆಗಿತ್ತು. ಇಂದು ಮನೆಮಾತಾಗಿರುವ ವಿ-ಗಾರ್ಡ್ ಕಂಪನಿ 1977ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ್ದೇ ಸ್ಟೆಬಿಲೈಸರ್ ಮಾಡಲೆಂದು. ಆ ಕಾಲದ ಟಿವಿ, ಫ್ರಿಜ್ಜುಗಳಿಗೆ ಅದು ಬೇಕೇಬೇಕಿತ್ತು. ಇಂದಿನ ಎಲ್‌ಇಡಿ ಟಿವಿ, ಬಲ್ಬು, ಚಾರ್ಜರುಗಳು ನೂರರ ಆಸುಪಾಸಿನಿಂದ 240-260 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ; ಅವುಗಳಿಗೆ ಇಳಿತದ ಭಯ ಕಡಿಮೆ, ಏರಿಕೆಯ ಭಯ ಹೆಚ್ಚು. ಸ್ಟೆಬಿಲೈಸರ್ ಹೆಚ್ಚಾಗಿ ಇಳಿತ ನೋಡಿಕೊಳ್ಳುವ ಯಂತ್ರ. ಅದರಲ್ಲೊಂದು ಸಾಮೂಹಿಕ ದೋಷವೂ ಇದೆ. ವೋಲ್ಟೇಜು ಬಿದ್ದಾಗ ಅದು ಎತ್ತಿಕೊಡುವುದು ಲೈನಿನಿಂದ ಹೆಚ್ಚು ಕರೆಂಟು ಎಳೆದು. ಒಂದು ಓಣಿಯ ಎಲ್ಲರೂ ಹೀಗೆ ಎಳೆದರೆ ಕೊನೆಯ ಮನೆಗೆ ಇನ್ನಷ್ಟು ಡೀಮು. ಸ್ಪೈಕ್ ಗಾರ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಲವದರೊಳಗೆ ಒಂದು ವೇರಿಸ್ಟರ್, ಒಂದು ಫ್ಯೂಸು. ಅಗ್ಗದವುಗಳಲ್ಲಿ ಬಿಲ್ಲೆಯೂ ಇರುವುದಿಲ್ಲ. ಬಿಲ್ಲೆ ಸತ್ತರೂ ಕೆಂಪು ದೀಪ ಉರಿಯುತ್ತಲೇ ಇರುವಂತೆ ಮಾಡಿದ ಪಟ್ಟಿಗಳನ್ನು ರಕ್ಷಣೆಯ ಹೆಸರಿನಲ್ಲಿ ಮಾರುವುದು ಮೋಸಕ್ಕೆ ಹತ್ತಿರ.

ಹಾಗಾದರೆ ಮೇನ್ ಬೋರ್ಡಿಗೆ ಏನು ಕೂರಿಸಬೇಕು? ಮೊದಲು ಏರಿಳಿತ ನೋಡಿ ಕಡಿಯುವ ಸಾಧನ. ಎಂಸಿಬಿಯ ಸಾಲಿನಲ್ಲೇ ಕೂರುವ, ಸಂಖ್ಯೆ ತೋರಿಸುವ ಗಾಜಿನವು ಈಗ ಸಿಗುತ್ತವೆ. ಇಲ್ಲಿ ಅಮೆರಿಕದ ಮಿತಿಗಳನ್ನು ಹಾಗೇ ತರುವಂತಿಲ್ಲ. 104 ಮತ್ತು 132ನ್ನು ನಮ್ಮ 230ರ ಪ್ರಮಾಣಕ್ಕೆ ಇಳಿಸಿದರೆ ಸುಮಾರು 200 ಮತ್ತು 253 ಬರುತ್ತದೆ. ನಿಯಮದ ಪ್ರಕಾರ ಮನೆಯ ಲೈನಿನಲ್ಲಿ ಶೇ 6ರಷ್ಟು ಏರಿಳಿತಕ್ಕಷ್ಟೇ ಅವಕಾಶ. ಹಾಗಾಗಿ 200 ಎಂಬುದೇ ಉದಾರ ಮಿತಿ. ಆದರೂ ಟೀಸಿಯಿಂದ ದೂರದ, ಲೈನಿನ ತುದಿಯ ಮನೆಯಲ್ಲಿ ಸಂಜೆ ಅಡುಗೆಯ ಹೊತ್ತಿಗೆ ಇದಕ್ಕಿಂತ ಕೆಳಗಿಳಿಯುವುದುಂಟು. 200ಕ್ಕೆ ಕಟ್ಟಿದರೆ ಮನೆಮಂದಿ ಕತ್ತಲಲ್ಲಿ ಕೂತು ಸಾಧನಕ್ಕೇ ಶಾಪ ಹಾಕುತ್ತಾರೆ, ಮರುದಿನ ಅದನ್ನು ಕಿತ್ತೊಗೆಯುತ್ತಾರೆ. ಕೆಳಮಿತಿ 170-180ಕ್ಕೆ, ಮೇಲ್ಮಿತಿ 260ರ ಹತ್ತಿರಕ್ಕೆ, ಕಾಯುವ ಅವಧಿ ಮೂರು ನಿಮಿಷಕ್ಕೆ ಇಡುವುದು ಇಲ್ಲಿಯ ಬದುಕಿಗೆ ಒಪ್ಪುವ ಹೊಂದಾಣಿಕೆ. ಹಾಗಾಗಿ ಮಿತಿ ಬದಲಿಸಲು ಬಾರದ ಮಾದರಿ ಎಷ್ಟೇ ಚೆಂದವಿದ್ದರೂ ಬೇಡ. ಮೈಮೇಲೆ 63 ಆಂಪಿಯರ್ ಎಂದು ಬರೆದ ಅಗ್ಗದ ಸಾಧನದ ಒಳಗಿನ ರಿಲೇ ನಿಜಕ್ಕೂ ಅಷ್ಟು ತಡೆಯುತ್ತದೆಯೇ ಎಂಬುದೂ ಅನುಮಾನ. ಬಲ್ಲ ಎಲೆಕ್ಟ್ರಿಷಿಯನ್ ಅದಕ್ಕೆ ನಿರ್ಧಾರದ ಕೆಲಸ ಮಾತ್ರ ಕೊಟ್ಟು, ಕಡಿಯುವ ಕೆಲಸವನ್ನು ಪ್ರತ್ಯೇಕ ಕಾಂಟ್ಯಾಕ್ಟರಿಗೆ ವಹಿಸುತ್ತಾನೆ. ಹೊಲದ ಸ್ಟಾರ್ಟರಿನಲ್ಲಿ ನಡೆಯುವುದು ಇದೇ.

ಸಿಡಿಲಿನ ಅಲೆಗೆ ಎಸ್‌ಪಿಡಿ, ಅಂದರೆ ಮೇಲೆ ಹೇಳಿದ ಟೈಪ್-2 ಸಾಧನ, ಅದರ ನಂತರದ ಮಾತು. ಅದನ್ನು ಹಾಕುವುದರಲ್ಲಿ ಒಂದು ತಪ್ಪು ಮತ್ತೆಮತ್ತೆ ಆಗುತ್ತದೆ: ಬೋರ್ಡಿನ ಮೂಲೆಯಲ್ಲಿ ಜಾಗ ಸಿಕ್ಕಲ್ಲಿ ಕೂರಿಸಿ ಉದ್ದನೆಯ ವೈರನ್ನು ಸುತ್ತಿ ತರುವುದು. ಒಂದು ಮೀಟರ್ ವೈರಿಗೆ ಸುಮಾರು ಒಂದು ಮೈಕ್ರೊಹೆನ್ರಿ ಪ್ರೇರಕತೆ ಇರುತ್ತದೆ. ಮೈಕ್ರೊಸೆಕೆಂಡಿಗೆ ಸಾವಿರ ಆಂಪಿಯರ್ ಏರುವ ಅಲೆ ಅದರಲ್ಲಿ ಹರಿದರೆ ಆ ವೈರಿನ ಮೇಲೇ ಸಾವಿರ ವೋಲ್ಟು ಏಳುತ್ತದೆ, ಮತ್ತು ಅಷ್ಟೂ ಟಿವಿಯ ಪಾಲಿಗೆ. ಹಾಗಾಗಿ ಫೇಸ್‌ನಿಂದ ಅರ್ಥ್ ಪಟ್ಟಿಯವರೆಗಿನ ಒಟ್ಟು ವೈರು ಅರ್ಧ ಮೀಟರ್ ಮೀರಬಾರದು. ನ್ಯೂಟ್ರಲ್ ಕಾಟವಿರುವ ಊರಿನಲ್ಲಿ 275 ವೋಲ್ಟಿನದಕ್ಕಿಂತ 320 ವೋಲ್ಟ್ ತಾಳುವ ಎಸ್‌ಪಿಡಿ ಆಯ್ದುಕೊಳ್ಳುವುದು ಜಾಣತನ. ಅದರ ಹಸಿರು ಕಿಟಕಿ ಕೆಂಪಾದರೆ ಒಳಗಿನ ತುಂಡು ಬದಲಿಸಬೇಕು. ಹೇಳುವವರಿಲ್ಲದೆ ವರ್ಷಗಟ್ಟಲೆ ಕೆಂಪಾಗಿಯೇ ಉಳಿದವು ಬೇಕಾದಷ್ಟಿವೆ.

ಅರ್ಥಿಂಗ್ ಇಲ್ಲದಿದ್ದರೆ ಎಸ್‌ಪಿಡಿಯ ಖರ್ಚು ನೀರಿನಲ್ಲಿ ಹೋಮ. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟುತ್ತಿದ್ದರು. ಪೈಪು ಪಿವಿಸಿಯಾದಮೇಲೂ ತಂತಿ ಹಾಗೇ ಇದೆ, ಯಾವುದಕ್ಕೂ ಮುಟ್ಟದೆ. ಇದ್ದಿಲು-ಉಪ್ಪು ಹಾಕಿ ಪೈಪು ಹುಗಿದ ಕುಣಿಯಿದ್ದರೂ ಎರೆಭೂಮಿ ಬೇಸಿಗೆಗೆ ಬಿರುಕುಬಿಟ್ಟು ಪೈಪಿನಿಂದ ಸರಿದು ನಿಲ್ಲುತ್ತದೆ. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ. ಯುಗಾದಿ ಕಳೆದಮೇಲೆ ವಾರಕ್ಕೊಮ್ಮೆ ಆ ಕುಣಿಗೆ ಎರಡು ಕೊಡ ನೀರು ಹಾಕುವುದಕ್ಕೆ ಕಾಸು ಖರ್ಚಿಲ್ಲ. ಇದರ ಜೊತೆಗೆ ಮನುಷ್ಯನ ಜೀವ ಕಾಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇರೆಯೇ ಬೇಕು. ವೋಲ್ಟೇಜು ಕಾಯುವ ಯಾವ ಸಾಧನವೂ ಆ ಕೆಲಸ ಮಾಡುವುದಿಲ್ಲ.

ನಮ್ಮಲ್ಲಿ ಮೋಟರ್‌ಹೋಮ್ ಎಂದರೆ ಬಹುತೇಕರಿಗೆ ನೆನಪಾಗುವುದು ಸಿನಿಮಾ ತಾರೆಯರ ಕ್ಯಾರವಾನ್, ಅದು ನಡೆಯುವುದು ಜನರೇಟರಿನ ಮೇಲೆ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿಯನ್ನೇ ತಂದಿತು. ಇಲ್ಲಿಯೂ ಟೆಂಪೊಗಳನ್ನು ಮಲಗುವ ಗಾಡಿ ಮಾಡಿಸಿಕೊಳ್ಳುವವರಿದ್ದಾರೆ. ಅಂಥವರು ಅಮೆರಿಕದಿಂದ ಬರುವ ನೆಂಟರ ಕೈಲಿ ಆ ಪೆಟ್ಟಿಗೆ ತರಿಸಿದರೆ ಪ್ರಯೋಜನವಿಲ್ಲ. 120 ವೋಲ್ಟಿಗೆ ಹುಟ್ಟಿದ್ದು ನಮ್ಮ 230 ಕಂಡರೆ ಬಾಗಿಲೇ ತೆರೆಯದು, ಇಲ್ಲವೇ ಅದೇ ಸುಟ್ಟುಹೋಗುತ್ತದೆ. ಮೇಲೆ ಹೇಳಿದ ಬೋರ್ಡಿನ ಜೋಡಣೆಯನ್ನೇ ಗಾಡಿಯೊಳಗೆ ಚಿಕ್ಕದಾಗಿ ಮಾಡಿಸುವುದು ಸರಿ. ಅಪರಿಚಿತ ಕಂಬಕ್ಕೆ ಜೋತುಬೀಳುವ ಅನುಭವ ಉತ್ತರ ಕರ್ನಾಟಕಕ್ಕೆ ಹೊಸದೂ ಅಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂಥಲ್ಲಿ ಬೀಡುಬಿಡುವ ನಾಟಕ ಕಂಪನಿಗಳು, ತೊಟ್ಟಿಲು ತಿರುಗಿಸುವವರು ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುತ್ತಾರೆ. ಇಂಥ ಪೆಟ್ಟಿಗೆ ನಿಜವಾಗಿ ಬೇಕಾದವರು ಅವರು.

ಹಳ್ಳಿಯ ಮನೆಗೆ ಎಸ್‌ಪಿಡಿ ಈಗ ಕಾಲಿಡುತ್ತಿರುವುದು ಬೇರೊಂದು ದಾರಿಯಿಂದ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಫಲಕಗಳಿಗೆ 78,000 ರೂಪಾಯಿ ಸಹಾಯಧನವಿದೆ. ಫಲಕದ ಜೊತೆ ಬರುವ ಪೆಟ್ಟಿಗೆಗಳಲ್ಲಿ ಎಸ್‌ಪಿಡಿ ಇರುತ್ತದೆ, ಅರ್ಥಿಂಗನ್ನೂ ಹೊಸದಾಗಿ ಹುಗಿಯುತ್ತಾರೆ. ಆದರೆ ಆ ಎಸ್‌ಪಿಡಿ ಇನ್ವರ್ಟರಿನ ಪಕ್ಕದ್ದು, ಕಂಬದಿಂದ ಬರುವ ಲೈನು ಮನೆಯ ಬೋರ್ಡಿಗೆ ಹಳೆಯ ಹಾಗೆಯೇ ಬೋಳಾಗಿ ಬರುತ್ತದೆ. ಫಲಕ ಹಾಕಲು ಬಂದ ತಂಡವನ್ನು ಅದೇ ದಿನ ಮೇನ್ ಬೋರ್ಡಿನ ಮುಂದೆಯೂ ನಿಲ್ಲಿಸಿ, ಹೊಸ ಅರ್ಥಿಗೆ ಅದನ್ನೂ ಜೋಡಿಸಿ ಎಂದರೆ ಹೆಚ್ಚುವರಿ ಖರ್ಚು ದೊಡ್ಡದಲ್ಲ. ಕಂಬದ ಮೇಲಿನ ನ್ಯೂಟ್ರಲ್ ಜಾಯಿಂಟು ಮಾತ್ರ ಹೆಸ್ಕಾಂನ ಕೆಲಸ. ಸಂಖ್ಯೆ ತೋರಿಸುವ ಸಾಧನ ಬೋರ್ಡಿನಲ್ಲಿದ್ದರೆ ಸಹಾಯವಾಣಿ 1912ಕ್ಕೆ ಕರೆ ಮಾಡಿದಾಗ ‘ಕರೆಂಟು ಸರಿಯಿಲ್ಲ’ ಎನ್ನುವ ಬದಲು ‘ಸಂಜೆ ಏಳೂಕಾಲಿಗೆ 290 ತೋರಿಸಿ ಕಡೀತು, ಪಕ್ಕದ ಮನ್ಯಾಗ ಡೀಮ್ ಐತಿ’ ಎಂದು ಹೇಳಬಹುದು. ಅಷ್ಟು ಕೇಳಿದ ಲೈನ್‌ಮನ್‌ಗೆ ಮೊದಲು ಯಾವ ತಂತಿ ನೋಡಬೇಕೆಂದು ಗೊತ್ತಿರುತ್ತದೆ.